ಒಳಗಿನ ಕೈ

ರೆಕ್ಕೆಯೊಳಗೆ ತೂರುವ ಕೈ ಬೇಕಿತ್ತು ಅವನಿಗೆ.
ಅವನದು ಹರಿಹರದ ಕಾರ್ಖಾನೆಯ ಲೇಥಿನ ಕೈ,
ಮೊಣಕೈ ತನಕ ಹೋಗಿ ನಿಂತುಬಿಡುತ್ತಿತ್ತು.
ಮಂಡಕ್ಕಿ ಭಟ್ಟಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ
ನನ್ನ ಹನ್ನೊಂದು ವರ್ಷದ ಕೈ ನೋಡಿ
"ಒಂದು ತಾಸು ಕಳಿಸ್ರಿ ದಾದಾಪೀರ್ ಸಾಬ್ರೇ" ಅಂದ
ಪಕ್ಕದ ಶೆಡ್ಡಿನ ಮುರಿಗೆಪ್ಪ.

ಆ ಒಂದು ತಾಸು ಮೂರು ವರ್ಷ ಆಯಿತು.

ಬೆಂಕಿ ಆರಿದ ಭಟ್ಟಿಯೇ ಅವನ ಶೆಡ್ಡು. ಗೋಡೆಗೆ ಇನ್ನೂ ಮಸಿ.
ಮರದ ಪೆಟ್ಟಿಗೆಯಲ್ಲಿ, ಹಡಗು ಹತ್ತಿ ಬಂದಿತ್ತು ವಿಮಾನ:
ತಗಡು, ಪಕ್ಕೆಲುಬು, ನಂಬರು ಬರೆದ ಪೊಟ್ಟಣಗಳು,
ಮತ್ತೆ ಒಂದು ದಪ್ಪ ಪುಸ್ತಕ.
ಪುಟ ಮುಗಿದರೆ ಪೆನ್ಸಿಲ್ಲಿನಲ್ಲಿ ತಾರೀಕು ಹಾಕುತ್ತಿದ್ದ.
ಹದಿನೇಳನೇ ಪುಟದಲ್ಲಿ ನಾಲ್ಕು ತಾರೀಕು,
ಮೂರು ಹೊಡೆದುಹಾಕಿದ್ದು.

ಬಳೆ ಬಿಚ್ಚಿ ಮೊಳೆಗೆ ಹಾಕುತ್ತಿದ್ದೆ.
ಹೊರಗೆ ಅವನ ಗನ್ನು, ಒಳಗೆ ನನ್ನ ಮುಷ್ಟಿಯಲ್ಲಿ ಕಬ್ಬಿಣದ ಗಟ್ಟಿ,
ನಡುವೆ ರಟ್ಟಿಗಿಂತ ತೆಳುವಾದ ತಗಡು.
ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.
ಗನ್ನು ಬಡಿದಾಗ ನಡುಕ ಹಲ್ಲಿನ ಬೇರಿಗೆ ಬಂದು
ರಿವೆಟ್ಟಿನ ಬಾಲ ನನ್ನ ಕಡೆ ಚಪ್ಪಟೆಯಾಗುತ್ತಿತ್ತು,
ಬಿಸಿಬಿಸಿ, ಅವರೆಕಾಳಿನ ಮೂಗಿನ ಹಾಗೆ.
ಸವರಿ ನೋಡಿ, ಸರಿಯಿದ್ದರೆ ಒಂದು ಸಲ ತಟ್ಟಬೇಕು.
ಇನ್ನೊಂದೇಟು ಬೇಕಿದ್ದರೆ ಎರಡು.
ಸೊಟ್ಟಗಾಗಿದ್ದರೆ ಮೂರು.
ಮೂರು ತಟ್ಟಿದಾಗ ಅವನು ಹೊರಗೆ ಹೋಗಿ ಬೀಡಿ ಸೇದಿ ಬಂದು
ಏನೂ ಅನ್ನದೆ ಅದನ್ನು ಕೊರೆದು ತೆಗೆಯುತ್ತಿದ್ದ.
ಶಾಲೆಯಲ್ಲಿ ಯಾರೂ ನನ್ನ ಮಾತನ್ನು
ಅಷ್ಟು ನಂಬಿರಲಿಲ್ಲ.

"ಗ್ಯಾಸ್ ಸಿಲಿಂಡರ್ ತರಾಕ ಸೈಕಲ್ಲಿಗೆ ಟಯರಿಲ್ಲ,
ಇಮಾನ ಕಟ್ತತಿ ಇದು" ಅನ್ನುತ್ತ ಸೌಭಾಗ್ಯಕ್ಕ
ಇಬ್ಬರಿಗೂ ಮೆಣಸಿನಕಾಯಿ ತಂದಿಟ್ಟು
ಅಲ್ಲೇ ಕೂತು ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ಕು ಸುಲಿಯುತ್ತಿದ್ದಳು.

ತೂಕ ಅಂದರೆ ಅವನಿಗೆ ಹಗೆ.
ಸೀಟು, ಚಕ್ರ, ಬಾಗಿಲ ಚಿಲಕ,
ಎಲ್ಲ ಅಪ್ಪನ ತಕ್ಕಡಿಗೆ ಬರುತ್ತಿದ್ದವು.
ಬಣ್ಣವೇ ಐದು ಕಿಲೋ ಅಂತ ಗೊತ್ತಾಗಿ ಬಣ್ಣವೇ ಬೇಡವೆಂದ.
ಅಪ್ಪ ನಕ್ಕ: "ನಮ್ದೂ ಅದೇ ಧಂದೆ ಮುರಿಗೆಪ್ಪ.
ಕಾದ ಮರಳಿಗೆ ಅಕ್ಕಿ ಹಾಕ್ತೀವಿ,
ತೂಕ ಏರಲ್ಲ, ಸೇರು ಏರ್ತತಿ."
ಅದನ್ನೂ ಪುಸ್ತಕದ ಅಂಚಿಗೆ ಬರೆದುಕೊಂಡ.

ರೆಕ್ಕೆ ಮುಚ್ಚುವ ಹಿಂದಿನ ಸಂಜೆ
ಒಂದೇ ಒಂದು ಮಂಡಕ್ಕಿ ಕಾಳನ್ನು
ಕೊನೆಯ ಪಕ್ಕೆಲುಬಿನ ಮೂಲೆಗೆ ಬಿಟ್ಟೆ.
ಒಳಗೆ ಏನನ್ನೂ ಬಿಡಕೂಡದೆಂದು
ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಗೊತ್ತಿತ್ತು.
ಅಷ್ಟು ಹೊತ್ತಿಗೆ ಬಳೆಯಿಲ್ಲದೆಯೂ
ನನ್ನ ಕೈ ತೂತಿನ ಅಂಚಿಗೆ ತರಚುತ್ತಿತ್ತು.
ಕೊನೆಯ ರಿವೆಟ್ಟಿಗೆ ಒಂದು ಸಲ ತಟ್ಟಿ
ಕೈ ಹೊರಗೆಳೆದುಕೊಂಡೆ.

ಚಕ್ರ ಕೂರಿಸಿದ ಮೇಲೆ ತಿಳಿದದ್ದು,
ಬಾಗಿಲಿಗಿಂತ ಅದು ಒಂದು ಗೇಣು ಅಗಲ.
ಭಟ್ಟಿಯವರೆಲ್ಲ ಸೇರಿ ಗೋಡೆ ಒಡೆದರು.
ಮಸಿ, ಇಟ್ಟಿಗೆ ಧೂಳು, ಬೆಳಕು;
ಗಾಳಿ ನುಗ್ಗಿದ ಕೂಡಲೆ ಬಾಲದ ಪಟ್ಟಿ
ತಾನಾಗಿಯೇ ಅಲ್ಲಾಡಿತು. ಸೌಭಾಗ್ಯಕ್ಕ ಹಿಂದೆ ಸರಿದಳು,
ದನ ಕಿವಿ ಒದರಿದಾಗ ಸರಿಯುವ ಹಾಗೆ.

ಆವರಗೆರೆಯ ಆಚೆ, ಕೊಯ್ಲಾದ ಹೊಲ, ನಸುಕು.
ದಿಲ್ಲಿಯಿಂದ ಕಾಗದ ಬರುವ ತನಕ
ನೆಲ ಬಿಡಕೂಡದೆಂದು ಆಜ್ಞೆ. ಬರೀ ಓಡಿಸಿದ.
ದೂರದ ಜಾಲಿಗಿಡದ ಹತ್ತಿರ ನಾನು ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದೆ,
ಚಕ್ರದ ಕೆಳಗಿಂದ ಆಕಾಶ ಕಾಣುತ್ತದೋ ನೋಡಲು.
ಕಂಡಿತು. ಮೂರು ಬೆರಳಷ್ಟು,
ಹತ್ತು ಮಾರು ದೂರ.

ತಿರುಗಿ ಬಂದು ನಿಲ್ಲಿಸಿದ. ಮಾತಿಲ್ಲ.
ಕಿಟಕಿಯಿಂದ ಕೈ ಚಾಚಿ
ಬಣ್ಣವಿಲ್ಲದ ತಗಡನ್ನು ತಟ್ಟಿದ.
ಎರಡು ಸಲ.

ನಾನು ಚಕ್ರಕ್ಕೆ ಒಡ್ಡಿದ್ದ ಕಲ್ಲು ತೆಗೆದೆ.