ಮೋಡ ಕವಿದರೆ ಮಲಗುವ ಪೆಟ್ಟಿಗೆ

ನೌಬಾದಿನಲ್ಲಿ, ಸುರಂಗ ಬಾವಿಯ ಏಳನೇ ಬಾಯಿಗೆ
ಹತ್ತಿಕೊಂಡೇ ನಿಂತಿದೆ ಹಳೇ ಪಂಪಿನ ಕೋಣೆ.
ಒಳಗೆ ತೊಗರಿ ಡಬ್ಬದಷ್ಟು ಒಂದು ಪೆಟ್ಟಿಗೆ:
ಬ್ಯಾಂಕಿನವರು ಎಸೆದ ಮೂರು ಕಂಪ್ಯೂಟರುಗಳ ಕರುಳನ್ನು
ಒಂದಕ್ಕೊಂದು ಹೊಲಿದು ಕೂರಿಸಿದ್ದು ಜಮೀರ್ ಉಸ್ತಾದ,
ಬೆಸುಗೆ ಕಡ್ಡಿ ಹಿಡಿದು ಪಕ್ಕದಲ್ಲಿ ನಿಂತದ್ದು ನಾನು.
ತಗಡಿನ ಮೇಲೆ ಎರಡು ಸೋಲಾರ್ ಹಲಗೆ.
ಒಂದರ ಮೂಲೆ ಒಡೆದಿದೆ; ಕೋತಿಯ ಕೆಲಸ.

ಏನಿದೆ ಅದರಲ್ಲಿ? ಹೆಚ್ಚೇನಿಲ್ಲ.
ಇಪ್ಪತ್ತೆರಡು ಮಂದಿಯ ಚೀಟಿ ಲೆಕ್ಕ,
ಗಾಂಧಿಗಂಜಿನ ಇವತ್ತಿನ ದರ,
ಯಾರ ಪಾಳಿಗೆ ಯಾವ ಹೊತ್ತು ನೀರು,
ಸುಭದ್ರಾಬಾಯಿ ಹೇಳಿ ಬರೆಸಿದ ಬಾಣಂತಿ ಕಷಾಯ,
ಮತ್ತೆ, ಯಾರು ಹಾಕಿದರೋ ಗೊತ್ತಿಲ್ಲ,
ಒಡಕು ದನಿಯಲ್ಲಿ ಹನ್ನೊಂದು ಮೊಹರಮ್ಮಿನ ಪದ.

ಹೋದ ಜ್ಯೇಷ್ಠದಲ್ಲಿ ಕಂಪನಿಯವನು ಬಂದ.
ಒಳ್ಳೆಯ ಹುಡುಗ, ಭಾಲ್ಕಿ ಕಡೆಯವನೇ.
ಬೂಟು ಹೊರಗೆ ಬಿಟ್ಟ, ಚಹಾ ಕುಡಿದ.
"ಎಲ್ಲಾ ಪುಕ್ಕಟೆ ರೀ. ಲೆಕ್ಕ, ದರ, ಹೊಲದ ಮಣ್ಣಿನ ಗುಣ,
ನಿಮ್ಮದೇನದ ಎಲ್ಲಾ ನಮ್ಮ ಕಡೆ ಕೊಟ್ಟುಬಿಡ್ರಿ.
ಮೋಡದಾಗ ಇಡ್ತೀವಿ. ಎಂದೂ ಹಾಳಾಗಂಗಿಲ್ಲ."

ಘಾಳೆಮ್ಮ ಬಾಗಿಲಿಗೆ ಬಂದು ಮೇಲೆ ನೋಡಿದಳು.
ನಾವೂ ನೋಡಿದೆವು; ನೋಡದೆ ಇರಲಾಗಲಿಲ್ಲ.
ಉದಗೀರ್ ದಿಕ್ಕಿಗೆ ಹಿಂಜಿದ ಅರಳೆಯಂಥವು ಎರಡು.
"ತಮ್ಮಾ, ಮೋಡದ ಮಾತು ನಮಗ ಹೇಳಬ್ಯಾಡ.
ಇಲ್ಲಿ ಎದ್ದಂಗ ಮಾಡಿ ಅಲ್ಲೆಲ್ಲೋ ಸುರೀತಾವ.
ನಿಮ್ಮ ಮೋಡದ ಮನಿ ಎಲ್ಲ್ಯದ?"
ಹುಡುಗ ತುಸು ತಡೆದು ಯಾವುದೋ ಊರ ಹೆಸರು ಹೇಳಿದ.
"ಅಲ್ಲಿ ಅದು ತಣ್ಣಗಿರ್ಲಕ ಯಾರ ನೀರು ಕುಡೀತದ?"
ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಅಲ್ಲಿಗೆ ಗೆದ್ದೆವು ಎಂದು ಬರೆದರೆ ಸುಳ್ಳಾದೀತು.
ಆ ವಾರವೇ ಏಳು ಮನೆ ಅವನ ಕಡೆ ಹೋದವು,
ಉಸ್ತಾದರ ಸ್ವಂತ ಅಳಿಯ ಮುಬೀನನದೂ.
ನಮ್ಮ ಪೆಟ್ಟಿಗೆ ಒಂದು ರಾತ್ರಿ ಕೆಟ್ಟು
ಇಡೀ ತಿಂಗಳ ಲೆಕ್ಕ ನುಂಗಿತು.
ಇಪ್ಪತ್ತೆರಡು ಹೆಂಗಸರು ನೆಲಕ್ಕೆ ಕೂತು,
ಬೆರಳ ಗೆಣ್ಣು ಎಣಿಸಿ, ಬೈದಾಡಿ, ಮತ್ತೆ ಬರೆದೆವು.
ನಲವತ್ತು ರೂಪಾಯಿ ಕಡಿಮೆ ಬಂತು.
ಆ ನಲವತ್ತು ಇನ್ನೂ ನನ್ನ ಮೇಲಿದೆ.

ಕಂಪನಿಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪಲಿಲ್ಲ.
ಪುಷ್ಯದಲ್ಲಿ ಆ ಏಳು ಮನೆಯ ತೊಗರಿ
ಕಣಕ್ಕೆ ಬರುವ ಮೊದಲೇ
ಎಷ್ಟು ಚೀಲ, ಯಾರ ಮನೆಯಲ್ಲಿ ಮದುವೆ, ಯಾರಿಗೆ ಅವಸರ,
ಎಲ್ಲ ಕೊಳ್ಳುವವನ ಅಂಗೈಯಲ್ಲಿತ್ತು.

ಈ ನೆಲದ ಕೆಳಗೆ ನೀರಿಗೊಂದು ದಾರಿಯಿದೆ.
ಶತಮಾನಗಳ ಹಿಂದೆ, ಇಳಿಜಾರನ್ನೇ ನಂಬಿ,
ನಡುನಡುವೆ ಉಸಿರಿಗೆ ಬಾಯಿ ಬಿಟ್ಟು ಕೊರೆದದ್ದು.
ಹೂಳೆತ್ತುವಾಗ ನಾನೂ ಇಳಿದಿದ್ದೆ.
ಟಾರ್ಚಿನ ಬೆಳಕಿಗೆ ಕೆಂಪು ಮುರಕಲ್ಲಿನ ಮೇಲೆ
ಉಳಿಯ ಗೀರು, ಉಳಿಯ ಗೀರು, ಮತ್ತೂ ಉಳಿಯ ಗೀರು.
ಹೆಸರು ಮಾತ್ರ ಎಲ್ಲೂ ಇಲ್ಲ.
ಪೆಟ್ಟಿಗೆಯ ಮುಚ್ಚಳಕ್ಕೆ ಹೆಸರು ಬರೆಸೋಣವೆಂದಾಗ
ಉಸ್ತಾದ ಬೇಡವೆಂದದ್ದು ಅದಕ್ಕೇ ಇರಬೇಕು.
ಕೇಳಿಲ್ಲ ನಾನು.

ಈಗ ಆಷಾಢ. ಮೂರು ದಿನದಿಂದ ಸೂರ್ಯನಿಲ್ಲ.
ಪೆಟ್ಟಿಗೆ ಮಲಗಿದೆ.
ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ:
"ಮೋಡ ಅದ. ಬಿಸಿಲು ಬಿದ್ದ ಮ್ಯಾಲೆ ಬರ್ರಿ."
ಕಂಪನಿಯದು ಮಲಗುವುದೇ ಇಲ್ಲವಂತೆ.
ಮಲಗದ್ದನ್ನು ಸಾಕುವ ಖರ್ಚು ಎಷ್ಟೆಂದು
ಹಸುಗೂಸಿನ ತಾಯಂದಿರನ್ನು ಕೇಳಬೇಕು.

ಸಂಜೆಗೆ ಮುಬೀನ ಬಂದು ಚೌಕಟ್ಟಿಗೆ ಒರಗಿದ.
ಏನೂ ಹೇಳಲಿಲ್ಲ. ಆಟೋದಿಂದ ಬಿಚ್ಚಿದ
ಒಂದು ಹಳೇ ಬ್ಯಾಟರಿ ಕೆಳಗಿಟ್ಟ.
ಅಷ್ಟರಲ್ಲಿ ಮಳೆ ಹಿಡಿಯಿತು.
ಇಬ್ಬರೂ ಬಾವಿಯ ಬಾಯಿಗೆ ಬಗ್ಗಿದೆವು.
ಕತ್ತಲಲ್ಲಿ ಸದ್ದು ನಿನ್ನೆಗಿಂತ ದಪ್ಪವಾಗಿತ್ತು.
"ಎಷ್ಟು ಫೂಟು ಏರಿರಬೇಕ್ರಿ ಅಕ್ಕಾ?"
"ಅಳತಿ ಹಗ್ಗ ತಾ," ಎಂದೆ.
"ಸದ್ಯ ಗೋಡಿ ಮ್ಯಾಲೆ ಬರಿಯೋಣು.
ಅದು ಎದ್ದ ಮ್ಯಾಲೆ ಅದಕ್ಕ ಹೇಳಿದ್ರಾಯ್ತು."