ಗೊತ್ತಿಲ್ಲ ಅಂದರೆ ಸೊನ್ನೆ

ಗುಡ್ಡದ ಮೇಲೆ ನನ್ನ ಕೋಣೆ. ಕೆಳಗೆ ಜುವಾರಿನಗರ.
ನಡುವೆ ಒಂದು ತಂತಿಬೇಲಿ, ಅದರ ಮೇಲೆ
ಒಣಹಾಕಿದ ಪುಟ್ಟ ಚಡ್ಡಿಗಳು.

ಸಮೀಕರಣದೊಳಗೆ ಜನ ಮೂರೇ ಬಗೆ:
ದಡಾರ ಇನ್ನೂ ಬಾರದವರು, ಬಂದವರು, ಬಂದು ಹೋದವರು.
ದಡಾರದ ಹೆಸರು ಅಳಿಸಿ ಓದಿದರೆ
ಬೆಳಗಿನ ವಾಸ್ಕೋ ಸ್ಟೇಷನ್ನು.

ಬಗೆಗೊಂದು ಡಬ್ಬಿ, ಡಬ್ಬಿಯಿಂದ ಡಬ್ಬಿಗೆ ಬಾಣ,
ಬಾಣದ ನೆತ್ತಿಗೆ ಒಂದು ಗ್ರೀಕ್ ಅಕ್ಷರ.
ಲಸಿಕೆ ಎಂದರೆ ಮೊದಲ ಡಬ್ಬಿಯಿಂದ ಕೊನೆಯದಕ್ಕೆ
ನಡುವಿನದನ್ನು ಹಾಯದೆ ಹೋಗುವ ಬಾಣ,
ಜ್ವರವಿಲ್ಲದೆ, ಕೆಂಡದ ಕಣ್ಣಿಲ್ಲದೆ.
ನೂರಕ್ಕೆ ತೊಂಬತ್ತೈದು ಮಂದಿ ಆ ಬಾಣ ಹತ್ತಿದರೆ
ಉಳಿದ ಐವರ ಮನೆ ಸಿಗದೆ
ರೋಗ ದಾರಿ ತಪ್ಪುತ್ತದೆ.
ಇದನ್ನು ಬರೆಯುವಾಗ ಒಂದು ಊಹೆ ಮಾಡಿಕೊಂಡಿದ್ದೆ:
ಎಲ್ಲರೂ ಎಲ್ಲರನ್ನೂ ಸಮನಾಗಿ ಸಂಧಿಸುತ್ತಾರೆ,
ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ.

ಬುಧವಾರ ಸಿಸ್ಟರ್ ಅರ್ಮಿಂದಾ ಜೊತೆ ಇಳಿದೆ.
ನೀಲಿ ಐಸ್ ಡಬ್ಬಿ ಅವಳ ಹೆಗಲಿಗೆ, ರಿಜಿಸ್ಟರು ನನ್ನ ಕಂಕುಳಿಗೆ.
ಸಕ್ಕರೆ ಕರಗಿರಲಿಲ್ಲ.
ಒಂದು ನಲ್ಲಿಗೆ ನಲವತ್ತು ಮನೆ. ಆಚೆ ಓಣಿಗೆ ಆಚೆಯ ನಲ್ಲಿ.
ಈ ನಲ್ಲಿಯ ಮಗು ಆ ನಲ್ಲಿಯ ಮಗುವನ್ನು
ಶಾಲೆ ಸೇರುವತನಕ ಕಾಣುವುದೇ ಇಲ್ಲ.
ಕಾಗದದಲ್ಲಿ ಇಡೀ ಗೋವೆಗೆ ತೊಂಬತ್ತೈದು ಇರಲಿ,
ಈ ನಲ್ಲಿಗೆ ಎಷ್ಟು?

ಹನ್ನೊಂದನೇ ಮನೆ. ಹುಲಿಗೆಮ್ಮ, ಕುಷ್ಟಗಿ ಕಡೆಯವಳು.
ಮಡಿಲಲ್ಲಿ ಯಮನೂರ, ಒಂದೂವರೆ ವರ್ಷ,
ಮುಷ್ಟಿಯಲ್ಲಿ ನೆಂದ ಪಾವು.
"ಗೊಬ್ಬರದ ಸೂಜಿ ಆಗೇತ್ರಿ" ಅಂದಳು.
ಅರ್ಮಿಂದಾ ನನ್ನ ಮುಖ ನೋಡಿದಳು.
ನಾನೂ ಒಂದು ಗಳಿಗೆ ಹೊಲಕ್ಕೇ ಹೋಗಿ ನಿಂತೆ.
ಆಮೇಲೆ ಹೊಳೆಯಿತು: ನನ್ನ ದಡಾರ, ಅವಳ ಗೊಬ್ಬರ.
"ನನಗ ಸಣ್ಣಾಕಿ ಇದ್ದಾಗ ಬಂದು ಹೋಗೇತಿ.
ಇವಗ ಬ್ಯಾಡಂತ ಹಾಕ್ಸೀನಿ."

ಕನ್ನಡಿಯ ಹಿಂದಿನಿಂದ ಕಾರ್ಡು ತೆಗೆದಳು.
ಎಣ್ಣೆಯ ಕಲೆ, ಹಸಿರು ಶಾಯಿ, ಆತುರದ ಕನ್ನಡ.
ಯಾರೋ ನರ್ಸು, ಹನುಮಸಾಗರದಲ್ಲಿ,
ಒಂಬತ್ತು ತಿಂಗಳು ತುಂಬಿದ ವಾರವೇ ಬರೆದದ್ದು:
ದಡಾರ ೧. ಬಲತೋಳು. ಬಹಳ ಅತ್ತ.

ಅರ್ಮಿಂದಾಗೆ ಕೊಂಕಣಿ ಬರುತ್ತದೆ, ಮರಾಠಿ, ಹಿಂದಿ,
ಅಜ್ಜಿಯಿಂದ ಬಂದ ಪೋರ್ಚುಗೀಸಿನ ನಾಲ್ಕು ಬೈಗುಳ.
ಕನ್ನಡ ಓದಲು ಬಾರದು.
ಹಾಗಾಗಿ ಮೂರು ತಿಂಗಳಿಂದ ಏಳನೇ ಕಾಲಮ್ಮಿನಲ್ಲಿ
ಯಮನೂರನ ಎದುರು: ಗೊತ್ತಿಲ್ಲ.

ಗುಡ್ಡದ ಮೇಲೆ, ತಂಪು ಕೋಣೆಯಲ್ಲಿ,
ನನ್ನ ಪ್ರೋಗ್ರಾಮಿನ ಇಪ್ಪತ್ತಮೂರನೇ ಸಾಲು:
ಗೊತ್ತಿಲ್ಲ ಅಂದರೆ ಸೊನ್ನೆ.
ನಾನೇ ಬರೆದದ್ದು. ಬರೆಯುವಾಗ
ಎಚ್ಚರಿಕೆಯ ಕೆಲಸ ಅನ್ನಿಸಿತ್ತು.

ಓದಿ ಹೇಳಿದೆ. ಅವಳು ಎರಡನೇ ಡೋಸು ಎಳೆದಳು.
ಯಮನೂರ ಈ ಸಲವೂ ಬಹಳ ಅತ್ತ.
ಅದನ್ನು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಜಾಗವಿಲ್ಲ.

ಅವತ್ತು ಸಂಜೆಯತನಕ ನಾನು ಮಾಡಿದ ಗಣಿತ
ಕಾರ್ಡು ಓದಿದ್ದು, ಅಷ್ಟೇ. ಮೂವತ್ತೊಂದು ಮಕ್ಕಳು.
ಹತ್ತೊಂಬತ್ತು ಸೊನ್ನೆಗಳು ಒಂದಾದವು.
ಎರಡು ಒಂದುಗಳು ಸೊನ್ನೆಯಾದವು:
ಪೋಲಿಯೋ ಹನಿಯನ್ನು ಯಾರೋ ದಡಾರ ಎಂದುಕೊಂಡಿದ್ದರು.
ಹತ್ತು ಹಾಗೇ ಉಳಿದವು. ಕಾರ್ಡು ಊರಲ್ಲಿ, ಟ್ರಂಕಿನಲ್ಲಿ,
ಕೀಲಿಕೈ ಅತ್ತೆಯ ಸೊಂಟದಲ್ಲಿ.

ರಾತ್ರಿ ಮತ್ತೆ ಓಡಿಸಿ ನೋಡಿದೆ.
ರೇಖೆ ಕೂದಲೆಳೆಯಷ್ಟೂ ಅಲುಗಲಿಲ್ಲ.
ಲಕ್ಷಗಳ ಲೆಕ್ಕದ ಮುಂದೆ ಮೂವತ್ತೊಂದು
ಯಾವ ಮೂಲೆಗೆ?

ಇಪ್ಪತ್ತಮೂರನೇ ಸಾಲು ಅಳಿಸಿದೆ.
ಅಲ್ಲಿ ಏನು ಬರಬೇಕೋ ಇನ್ನೂ ತಿಳಿದಿಲ್ಲ.
ಸದ್ಯಕ್ಕೆ, ಯಂತ್ರಕ್ಕೆ ಅರ್ಥವಾಗದ ಒಂದು ಟಿಪ್ಪಣಿ:
ಮುಂದಿನ ಬುಧವಾರ, ಆಚೆಯ ನಲ್ಲಿ.