ಹೆಸರಿನ ದಿನ

ದಾಂಗುವೋಲೆ ಕೌಂಟರಿನ ಮೇಲೆ ಕಾಗದ ಹರಡಿ,
ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಸವೆದ ಬೆರಳನ್ನು
ಕಳಿಸಿದವರ ವಿಳಾಸದ ಮೇಲಿಟ್ಟು ಕೇಳಿದಳು:
'ಇದು ನಿಮ್ಮ ಹೆಸರಲ್ಲವೇ?'

ನಮ್ಮದೇ.
ಒಂದಕ್ಷರ ಹೆಚ್ಚಿಲ್ಲ, ಒಂದು ಚುಕ್ಕೆ ಕಮ್ಮಿಯಿಲ್ಲ.
ಎರಡು ಸಾವಿರದ ಮುನ್ನೂರು ಯೂರೋ,
ಹಲ್ಲು ಕಟ್ಟಿಸಲೆಂದು ಕೂಡಿಟ್ಟದ್ದು.
ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು.
'ನಿಮ್ಮ ಹೆಸರಿನದು ಯಾವುದನ್ನೂ
ಇನ್ನು ತೆರೆಯುವುದಿಲ್ಲ' ಎಂದು ಹೊರಟಳು.

ಹೇಗೆ ಹೇಳಲಿ ಅವಳಿಗೆ,
ಲಕೋಟೆಯ ಬೆನ್ನಿಗೆ ಯಾರು ಬೇಕಾದರೂ
ನಮ್ಮ ಹೆಸರು ಗೀಚಬಹುದೆಂದು,
ಅಂಚೆಯವನು ಯಾರನ್ನೂ ತಡೆದು ಕೇಳುವುದಿಲ್ಲವೆಂದು,
ಕೇಳು ಎಂದು ನಾವು ಹೇಳಿದರೆ ಮಾತ್ರ ಕೇಳುತ್ತಾನೆಂದು,
ನಾವು ಹೇಳಿರಲಿಲ್ಲವೆಂದು.

ಹೇಳಬೇಕಾದದ್ದು ಒಂದೇ ಸಾಲು,
ಡೊಮೈನಿನ ಹಣೆಯ ಮೇಲೆ ಬರೆಯುವ ಸಾಲು.
ಮೂರು ಮಾತಿನಲ್ಲಿ ಒಂದನ್ನು ಆರಿಸಬೇಕು:
ಸುಮ್ಮನೆ ನೋಡು. ಬದಿಗಿಡು. ಹೊರಗಟ್ಟು.
ಎರಡು ವರ್ಷದಿಂದ ಮೊದಲನೆಯದೇ ಇತ್ತು,
ಹಾವೂ ಸಾಯದ, ಕೋಲೂ ಮುರಿಯದ ಮಾತು;
ನಮ್ಮ ಐನಾರ್ಸ್ ಸಾಹೇಬರಿಗೆ ಒಗ್ಗುವಂಥದ್ದು.
ಕೋಟೆ ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲಿಗೆ ಅಗುಳಿ ಹುಡುಕು ಎಂದರು ನನಗೆ.

ದಿನಾ ಬೆಳಗ್ಗೆ ದೂರದ ಅಂಚೆಮನೆಗಳಿಂದ ವರದಿ:
ನಿನ್ನೆ ಇಷ್ಟು ಜನ ತಾವೇ ನೀವೆಂದು ಹೇಳಿಕೊಂಡು ಬಂದಿದ್ದರು.
ಒಬ್ಬ, ಒಂಬತ್ತು ಸಾವಿರ ಸಲ.
ಇನ್ನೊಬ್ಬ ರಾತ್ರಿ ಮಾತ್ರ, ಪಿಂಚಣಿ ಬೀಳುವ ದಿನ ನೋಡಿ.
ಇವರ ನಡುವೆ ಒಂದು ಬಡಪಾಯಿ ವಿಳಾಸ:
ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ನಾಲ್ಕೋ ಆರೋ ಕಾಗದ,
ಕೆಲವು ದಿನ ಎರಡೇ.
ಇಷ್ಟು ಶಿಸ್ತಿನ ಕಳ್ಳನನ್ನು ನಾನು ಕಂಡಿರಲಿಲ್ಲ.
ಹಳೆಯ ಲೆಕ್ಕ ತಿರುವಿದೆ.
ಜೂನ್ ಇಪ್ಪತ್ನಾಲ್ಕರಂದು ಇನ್ನೂರ ಹನ್ನೊಂದು!

ಆ ದಿನ ಲಾಟ್ವಿಯಾದ ಯಾನಿಸ್‌ಗಳಿಗೆಲ್ಲ ಹಬ್ಬ.
ನಮ್ಮ ಪಂಚಾಂಗದಲ್ಲಿ ತಿಥಿ ನಕ್ಷತ್ರ ಇಲ್ಲ,
ದಿನಕ್ಕಿಷ್ಟು ಹೆಸರುಗಳಿವೆ.

ಮುಚ್ಚಿಹೋದ ಐಜ್‌ಪುಟೆ ಶಾಖೆಗೆ ಬಸ್ಸು ಹಿಡಿದೆ.
ಮೆಟ್ಟಿಲ ಕೆಳಗೆ, ಪೊರಕೆಗಳ ಹಿಂದೆ
ಏದುಸಿರು ಬಿಡುತ್ತಿತ್ತು ಒಂದು ಬೂದು ಪೆಟ್ಟಿಗೆ.
ಮೇಲೆ ಚೀಟಿ, ಗುಮಾಸ್ತ ವಲ್ಫ್ರೀಡ್ಸನ ದುಂಡಕ್ಷರ:
'ಆರಿಸಬೇಡಿ. ಒಳಗೆ ಹೆಸರುಗಳಿವೆ.'
ಅವನು ತೀರಿಕೊಂಡು ಐದು ಚಳಿಗಾಲ.
ಕಾಗದ ತೆರೆದು ಓದಿದೆ:
'ಇಂದು ನಿಮ್ಮ ಹೆಸರಿನ ದಿನ. ಒಳ್ಳೆಯದಾಗಲಿ.
ನೀವು ಏನೂ ಮಾಡಬೇಕಾಗಿಲ್ಲ.'

ನಮ್ಮ ಬ್ಯಾಂಕು ಬರೆದ ಕಾಗದಗಳಲ್ಲಿ
ಏನನ್ನೂ ಕೇಳದೇ ಇದ್ದದ್ದು ಇದೊಂದೇ.
ಅದಕ್ಕೇ ಅಂಕಿತವಿಲ್ಲ;
ಮೂರನೇ ಮಾತು ಬರೆದರೆ
ಕಳ್ಳರ ಜೊತೆ ಇದರ ಕತ್ತಿಗೂ ಕೈ.

'ವೈರು ಕಿತ್ತು ಹಾಕು' ಎಂದರು ಐನಾರ್ಸ್.
ನಾನು ಕೀಲಿ ಕೊರೆದೆ, ಅರ್ಧ ನಮ್ಮಲ್ಲಿ ಗುಟ್ಟಾಗಿ,
ಅರ್ಧ ಜಗತ್ತಿಗೆಲ್ಲ ಕಾಣುವಂತೆ.
ಸತ್ತವನ ಹಾರೈಕೆಗೆ ಅಂಕಿತ ಹಾಕಿಸಿ
ಆಮೇಲೆ ಬರೆದೆ: ಹೊರಗಟ್ಟು.
ಒಂಬತ್ತು ಸಾವಿರದವನು ಆ ತಿಂಗಳೇ
ಬೇರೆ ಯಾರದೋ ಹೆಸರು ತೊಟ್ಟುಕೊಂಡು ಹೋದ.

ದಾಂಗುವೋಲೆ, ಗಡಿಯಾಚೆಯ ಲಿಥುವೇನಿಯಾದ ಹೆಸರು.
ನಮ್ಮ ಪಂಚಾಂಗದಲ್ಲಿ ಇಲ್ಲ.
ಇಲ್ಲದವರಿಗೆಲ್ಲ ಸೇರಿಸಿ ಒಂದು ದಿನ, ಮೇ ಇಪ್ಪತ್ತೆರಡು.
ವಲ್ಫ್ರೀಡ್ಸ್ ಅವರನ್ನೂ ಬಿಟ್ಟಿರಲಿಲ್ಲ.
ಒಂಬತ್ತಕ್ಕೆ ಹೊರಟಿತು ಕಾಗದ,
ಎಲ್ಲ ದ್ವಾರಗಳಲ್ಲೂ ನಿಜವೆನ್ನಿಸಿಕೊಂಡು ತಲುಪಿತು.
ತೆರೆಯಲಾರಳು, ಗೊತ್ತು.

ಸಂಜೆ ಲಿಯೆಪಾಯಾದ ಗಾಳಿಯಲ್ಲಿ ಟ್ರಾಮು ಹತ್ತಿ
ಮೂರು ಲೈಲಾಕ್ ಟೊಂಗೆ ಹಿಡಿದು ಹೋದೆ.
ನಾಲ್ಕನೇ ಮಹಡಿ. ಸರಪಳಿಯ ಸದ್ದು.
ಬಾಗಿಲು ಎರಡು ಬೆರಳಷ್ಟು.
'ಯಾರು?'
'ಬ್ಯಾಂಕಿನವಳು' ಎಂದೆ.

ಕಳ್ಳನೂ ಇದನ್ನೇ ಹೇಳಿದ್ದ.

ಸಂದಿಯಲ್ಲಿ ಹೂವು ತೂರಿಸಲೋ ಬೇಡವೋ ತಿಳಿಯದೆ ನಿಂತೆ.
ಕೈ ಅಡ್ಡ ಹಿಡಿದ ದನಿ ಒಳಗಿನಿಂದ:
'ಅದಲ್ಲ.
ನಿನ್ನ ಹೆಸರು ಹೇಳು.'